ನೆರಳು ಯಜಮಾನನನ್ನ ಏಕವಚನದಲ್ಲಿ ಕರೆದಾಗ: ಆಂಡರ್ಸನ್ ಬರೆದ ಒಂದು ಕತ್ತಲೆ ಕಥೆ, ಅದು ಅಚ್ಚಾದ ಕಥೆ

ಡೆನ್ಮಾರ್ಕಿನ ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಅಂದ ತಕ್ಷಣ ನಮ್ಮಲ್ಲಿ ತುಂಬಾ ಜನಕ್ಕೆ ನೆನಪಾಗೋದು ಕುರೂಪಿ ಬಾತುಕೋಳಿ ಮರಿ, ಬಟ್ಟೆನೇ ಇಲ್ದೆ ಮೆರವಣಿಗೆ ಹೊರಟ ರಾಜ, ಹಾಸಿಗೆ ಅಡಿಲಿದ್ದ ಬಟಾಣಿ ಕಾಳು, ಮತ್ಸ್ಯಕನ್ಯೆ. ಸ್ಕೂಲ್ ಪುಸ್ತಕದಲ್ಲೋ ಟಿವಿ ಕಾರ್ಟೂನಲ್ಲೋ ಇವೆಲ್ಲ ನಮಗೆ ಸಿಕ್ಕಿದಾವೆ. ಅದೇ ಆಂಡರ್ಸನ್ ಇನ್ನೊಂದು ಕಥೆ ಬರ್ದಿದಾರೆ, ಅದ್ರಲ್ಲಿ ಒಬ್ಬ ಓದಿಕೊಂಡ ಒಳ್ಳೆ ಮನುಷ್ಯನ ನೆರಳು ಅವನನ್ನ ಬಿಟ್ಟು ಹೋಗುತ್ತೆ, ದುಡ್ಡು ಮಾಡುತ್ತೆ, ವಾಪಸ್ ಬಂದು ಯಜಮಾನನನ್ನೇ ತನ್ನ ನೆರಳಾಗಿ ಇಟ್ಕೊಳ್ಳುತ್ತೆ, ಕೊನೆಗೆ ಅವನನ್ನ ಕೊಲ್ಲಿಸಿ ರಾಜಕುಮಾರಿನ ಮದುವೆ ಆಗುತ್ತೆ. ಯಾರೂ ಬಂದು ಕಾಪಾಡಲ್ಲ. ಕಥೆ ಅಲ್ಲಿಗೆ ಮುಗೀತು.

ಡೇನಿಷ್‌ನಲ್ಲಿ ಇದರ ಹೆಸರು 'ಸ್ಕ್ಯುಗೆನ್', ಅಂದ್ರೆ 'ನೆರಳು'. ಅಚ್ಚಾಗಿದ್ದು 1847ರಲ್ಲಿ. ಈಗ ನಮ್ಮ ಮುಖ, ನಮ್ಮ ದನಿ, ನಾವು ಬರೆಯೋ ಶೈಲಿ ಎಲ್ಲದರ ನಕಲು ಮಾಡೋ ಸಾಫ್ಟ್‌ವೇರ್ ಎಲ್ಲರ ಫೋನಲ್ಲೂ ಬಂದು ಕೂತಿರೋವಾಗ ಈ ಕಥೆ ಓದಿದ್ರೆ ಮೈ ಜುಂ ಅನ್ನುತ್ತೆ. ಆದ್ರೆ ನಾನು ಇದನ್ನ ಬರೀತಿರೋದಕ್ಕೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಈ ಕಥೆಯ ಚೂಪಾದ ಜಾಗ ಇರೋದು 'ನೀನು', 'ನೀವು' ಅನ್ನೋ ಎರಡು ಪದಗಳ ನಡುವೆ, ಅದು ಇಂಗ್ಲಿಷ್‌ನಲ್ಲಿ ಓದಿದವರಿಗೆ ಸರಿಯಾಗಿ ತಾಗೋದೇ ಇಲ್ಲ, ಕನ್ನಡದವರಿಗೆ ಹೇಳಿಕೊಡೋ ಅಗತ್ಯವೇ ಇಲ್ಲ.

ಮೊದಲು, ಇದು ಎಂಥಾ ಕಥೆ?

ಅಜ್ಜಿ ಕಥೆಗೂ ಇದಕ್ಕೂ ವ್ಯತ್ಯಾಸ ಇದೆ. ಅಜ್ಜಿ ಕಥೆಗೆ ಲೇಖಕರು ಇರಲ್ಲ, ಬಾಯಿಂದ ಬಾಯಿಗೆ ಬಂದಿರುತ್ತೆ, ಹೇಳೋರು ಹೇಳಿದ ಹಾಗೆಲ್ಲ ಸ್ವಲ್ಪ ಸ್ವಲ್ಪ ಬದಲಾಗುತ್ತೆ. ಜರ್ಮನಿಯ ಗ್ರಿಮ್ ಸಹೋದರರು 1812ರಿಂದ ಅಚ್ಚು ಹಾಕಿಸಿದ್ದು ಅಂಥ ಕಥೆಗಳನ್ನ, ಅವರ ಕೆಲಸ ಮುಖ್ಯವಾಗಿ ಸಂಗ್ರಹ ಮಾಡೋದು, ತಿದ್ದೋದು. ಆಂಡರ್ಸನ್ ಕೂಡ ಶುರುವಿನಲ್ಲಿ ಚಿಕ್ಕವರಿದ್ದಾಗ ಕೇಳಿದ್ದ ಕಥೆಗಳನ್ನೇ ತಗೊಂಡು ಬರೆದ್ರು, ಆದ್ರೆ ಹೋಗ್ತಾ ಹೋಗ್ತಾ ಕಥೆನೂ ಅವರದ್ದೇ, ಪಾತ್ರಗಳೂ ಅವರದ್ದೇ, ಕೊನೆಯೂ ಅವರದ್ದೇ ಆಯ್ತು. ಮೈಯೆಲ್ಲ ಜನಪದ ಕಥೆಯ ಥರ, ಮಾತಾಡೋ ಸೂಜಿ, ನಡೆಯೋ ನೆರಳು, ಹೆಸರೇ ಇಲ್ಲದ ರಾಜಕುಮಾರಿ, ಆದ್ರೆ ಒಳಗೆ ಒಬ್ಬ ಲೇಖಕರ ಸ್ವಂತ ಸಂಕಟ. ಇದನ್ನ ಸಾಹಿತ್ಯಿಕ ಕಾಲ್ಪನಿಕ ಕಥೆ ಅಂತಾರೆ. ಡೇನಿಷ್‌ನಲ್ಲಿ ಇಂಥ ಕಥೆಗೂ, ಅಜ್ಜಿ ಹೇಳೋ ಕಥೆಗೂ ಎರಡಕ್ಕೂ 'ಎವೆಂಟೂರ್' ಅನ್ನೋ ಒಂದೇ ಹೆಸರು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡ್ತೀನಿ. ಆಂಡರ್ಸನ್ ಬರೆದ ಡೇನಿಷ್ ಪುಸ್ತಕದ ಭಾಷೆ ಆಗಿರ್ಲಿಲ್ಲ, ಮನೇಲಿ ಕೂತು ಮಾತಾಡೋ ಭಾಷೆ. 1835ರಲ್ಲಿ ಮೊದಲ ಕಥೆಗಳು ಬಂದಾಗ ವಿಮರ್ಶಕರು ಬೈದಿದ್ದಕ್ಕೆ ಇದೂ ಒಂದು ಕಾರಣ, ಹೀಗೆಲ್ಲ ಮಾತಾಡೋ ಥರ ಬರೆಯೋದಾ, ಮಕ್ಕಳಿಗೆ ಇದ್ರಿಂದ ಏನು ನೀತಿ ಸಿಗುತ್ತೆ ಅಂತ. ಆ ಆಡುಮಾತೇ ಇವತ್ತಿಗೂ ಅವರ ಕಥೆಗಳನ್ನ ಹಳೆಯದಾಗದ ಹಾಗೆ ಇಟ್ಟಿರೋದು ಅಂತ ನನಗನ್ಸುತ್ತೆ.

ಕಥೆ ಏನು

ಚಳಿ ದೇಶದ ಒಬ್ಬ ವಿದ್ವಾಂಸ ಬಿಸಿಲಿನ ದೇಶಕ್ಕೆ ಬರ್ತಾನೆ. ಅಲ್ಲಿನ ಬಿಸಿಲಿಗೆ ಅವನೂ ಸೊರಗ್ತಾನೆ, ಅವನ ನೆರಳೂ ಕುಗ್ಗುತ್ತೆ, ಸಂಜೆ ದೀಪ ಹಚ್ಚಿದ ಮೇಲೇ ಇಬ್ಬರಿಗೂ ಜೀವ ಬರೋದು. ಎದುರು ಮನೆಯಲ್ಲಿ ಯಾರೂ ಕಾಣ್ಸಲ್ಲ, ಆದ್ರೆ ಬಾಲ್ಕನಿಯಲ್ಲಿ ಹೂವಿದೆ, ಅಂದ್ರೆ ಯಾರೋ ನೀರು ಹಾಕ್ತಿರ್ಬೇಕು, ಒಳಗಿಂದ ಸಂಗೀತ ಬರುತ್ತೆ. ಒಂದು ರಾತ್ರಿ ಎಚ್ಚರ ಆಗಿ ನೋಡಿದ್ರೆ ಅಲ್ಲಿ ಹೂಗಳ ಮಧ್ಯೆ ಬೆಳಕಿನಂಥ ಒಬ್ಬ ಹುಡುಗಿ, ಇವನು ಎದ್ದು ಬರೋ ಅಷ್ಟ್ರಲ್ಲಿ ಮಾಯ. ಇನ್ನೊಂದು ಸಂಜೆ ಇವನು ಬಾಲ್ಕನಿಯಲ್ಲಿ ಕೂತಿದಾನೆ, ಹಿಂದೆ ದೀಪ, ನೆರಳು ಹೋಗಿ ಎದುರು ಮನೆ ಗೋಡೆ ಮೇಲೆ ಬಿದ್ದಿದೆ. ತಮಾಷೆಗೆ ಹೇಳ್ತಾನೆ, ಒಳಗೆ ಹೋಗಿ ನೋಡ್ಕೊಂಡು ಬಾ, ಬಂದು ನನಗೆ ಹೇಳು ಅಂತ. ನೆರಳು ಹೋಗುತ್ತೆ. ವಾಪಸ್ ಬರಲ್ಲ.

ಬೆಳಿಗ್ಗೆ ಬಿಸಿಲಿಗೆ ಬಂದು ನೋಡಿದ್ರೆ ಅವನಿಗೆ ನೆರಳೇ ಇಲ್ಲ. ಬೇಜಾರಾಗುತ್ತೆ, ಆದ್ರೆ ಬಿಸಿಲಿನ ದೇಶದಲ್ಲಿ ಎಲ್ಲಾ ಬೇಗ ಬೆಳೆಯುತ್ತಲ್ಲ, ಎಂಟು ದಿನದಲ್ಲಿ ಕಾಲ ಹತ್ರ ಹೊಸ ನೆರಳು ಚಿಗುರುತ್ತೆ, ಮೂರು ವಾರಕ್ಕೆ ಒಂದು ಮಟ್ಟಿಗೆ ಆಗುತ್ತೆ, ಅವನು ತನ್ನೂರಿಗೆ ಹೊರಡ್ತಾನೆ. ಅಲ್ಲಿ ಸತ್ಯ, ಒಳ್ಳೆಯತನ, ಚೆಲುವು ಇವುಗಳ ಬಗ್ಗೆ ಪುಸ್ತಕ ಬರೀತಾ ವರ್ಷಗಳು ಕಳೆಯುತ್ತೆ.

ಒಂದಿನ ಬಾಗಿಲು ತಟ್ಟಿದ ಶಬ್ದ. ತೆಗೆದ್ರೆ ತೀರಾ ತೆಳ್ಳಗಿರೋ, ಒಳ್ಳೆ ಬಟ್ಟೆ ಹಾಕಿರೋ ಮನುಷ್ಯ, ಕುತ್ತಿಗೆಯಲ್ಲಿ ಚಿನ್ನದ ಸರ, ಬೆರಳಲ್ಲಿ ವಜ್ರದ ಉಂಗುರ. ಹಳೇ ನೆರಳು! ತಾನು ಎಲ್ಲಿಗೆ ಹೋಗಿದ್ದೆ ಅಂತ ಹೇಳುತ್ತೆ. ಆ ಎದುರು ಮನೇಲಿದ್ದದ್ದು ಕಾವ್ಯ, ಸಾಕ್ಷಾತ್ ಕಾವ್ಯವೇ. ನೆರಳು ಅಲ್ಲಿ ಮೂರು ವಾರ ಇತ್ತು, ಆದ್ರೆ ಒಳಗೆ ಹೋಗ್ಲಿಲ್ಲ, ಹೊರಗಿನ ಕೋಣೆಯಲ್ಲೇ ಇತ್ತು. ಅಲ್ಲಿಂದಲೇ ಎಲ್ಲಾ ನೋಡ್ದೆ, ಎಲ್ಲಾ ತಿಳ್ಕೊಂಡೆ ಅನ್ನುತ್ತೆ. ಒಳಗೆ ಏನಿತ್ತು ಅಂತ ವಿದ್ವಾಂಸ ಎಷ್ಟು ಕೇಳಿದ್ರೂ ಸರಿಯಾದ ಉತ್ತರ ಕೊಡಲ್ಲ. ಆಮೇಲೆ ಅದು ಬೆಳದಿಂಗಳಲ್ಲಿ ಊರೆಲ್ಲಾ ಓಡಾಡಿ, ಗೋಡೆ ಹತ್ತಿ, ಮೇಲಿನ ಕಿಟಕಿಗಳಲ್ಲಿ ಇಣುಕಿ, ಜನ ಬಚ್ಚಿಟ್ಟಿದ್ದೆಲ್ಲಾ ನೋಡಿತು. ಅದನ್ನ ಪೇಪರ್‌ಗೆ ಬರೀಲಿಲ್ಲ, ನೇರವಾಗಿ ಆಯಾ ಮನುಷ್ಯರಿಗೇ ಪತ್ರ ಬರೀತು. ಜನ ಹೆದರಿದ್ರು. ಪ್ರೊಫೆಸರ್‌ಗಳು ಅದನ್ನ ಪ್ರೊಫೆಸರ್ ಮಾಡಿದ್ರು, ದರ್ಜಿಗಳು ಬಟ್ಟೆ ಹೊಲಿದು ಕೊಟ್ರು, ಟಂಕಸಾಲೆಯವನು ನಾಣ್ಯ ಹೊಡೆದು ಕೊಟ್ಟ. ಬ್ಲ್ಯಾಕ್‌ಮೇಲ್ ಅನ್ನೋ ಪದ ಕಥೇಲಿ ಎಲ್ಲೂ ಬರಲ್ಲ, ನೆರಳು ಅದನ್ನ ತನ್ನ ಸಾಧನೆ ಥರ ಆರಾಮಾಗಿ ಹೇಳ್ಕೊಂಡು ಹೋಗುತ್ತೆ, ಓದೋರಿಗೆ ಹೊಟ್ಟೆ ತೊಳಸೋದು ಅದಕ್ಕೇ.

ಇನ್ನಷ್ಟು ವರ್ಷ. ನೆರಳು ದಪ್ಪ ಆಗ್ತಾ ಇದೆ, ವಿದ್ವಾಂಸನ ಪುಸ್ತಕ ಯಾರೂ ಓದ್ತಿಲ್ಲ, ಅವನು ಎಷ್ಟು ಇಳಿದುಹೋಗಿದಾನೆ ಅಂದ್ರೆ ನೋಡಿದವರೆಲ್ಲ 'ನೀವು ನೆರಳಿನ ಹಾಗೆ ಆಗಿಬಿಟ್ಟಿದೀರ' ಅಂತಾರೆ. ನೆರಳು ಹೇಳುತ್ತೆ, ಬನ್ನಿ, ಬಿಸಿನೀರಿನ ಬುಗ್ಗೆ ಇರೋ ಊರಿಗೆ ಹೋಗೋಣ, ಆರೋಗ್ಯ ಸರಿಹೋಗುತ್ತೆ, ಖರ್ಚು ನನ್ನದು, ಒಂದೇ ಷರತ್ತು, ನೀವು ನನ್ನ ನೆರಳಾಗಿ ಬರ್ಬೇಕು. ಮೊದಲು ಆಗಲ್ಲ ಅಂದಿದ್ದವನು ಈಗ ಒಪ್ತಾನೆ.

ಅಲ್ಲೊಬ್ಬ ರಾಜಕುಮಾರಿ ಬಂದಿದಾಳೆ, ಅವಳ ಕಾಯಿಲೆ ಏನು ಅಂದ್ರೆ ಎಲ್ಲಾ ತೀರಾ ಚೆನ್ನಾಗಿ ಕಾಣ್ಸೋದು. ನೋಡಿದ ತಕ್ಷಣ ಕಂಡುಹಿಡೀತಾಳೆ, ಈ ಮನುಷ್ಯನಿಗೆ ನೆರಳಿಲ್ಲ ಅಂತ. ನೆರಳು ಏನು ಹೇಳುತ್ತೆ ಗೊತ್ತಾ, ನಿಮ್ಮ ಕಾಯಿಲೆ ವಾಸಿ ಆಗಿದೆ ಅನ್ಸುತ್ತೆ, ನನ್ನ ನೆರಳು ಅಲ್ಲಿದೆ ನೋಡಿ, ನಾನು ಅದಕ್ಕೆ ಮನುಷ್ಯರ ಥರ ಬಟ್ಟೆ ಹಾಕಿಸಿದೀನಿ, ಅದಕ್ಕೇ ಒಂದು ನೆರಳು ಬೇರೆ ಕೊಟ್ಟಿದೀನಿ. ಅವಳು ಪ್ರಶ್ನೆ ಕೇಳಿದಾಗ 'ಇದಕ್ಕೆ ನನ್ನ ನೆರಳೇ ಉತ್ತರ ಕೊಡುತ್ತೆ' ಅಂತ ವಿದ್ವಾಂಸನ ಹತ್ರ ಕಳಿಸುತ್ತೆ. ಅವನು ಸೂರ್ಯ, ಚಂದ್ರ, ಮನುಷ್ಯರ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡ್ತಾನೆ ಅಂದ್ರೆ ರಾಜಕುಮಾರಿ ಅಂದ್ಕೊಳ್ತಾಳೆ, ನೆರಳೇ ಇಷ್ಟು ಜಾಣ ಅಂದ್ರೆ ಯಜಮಾನ ಇನ್ನೆಂಥವನಿರಬೇಕು! ಮದುವೆ ನಿಶ್ಚಯ ಆಗುತ್ತೆ.

ಆಗ ನೆರಳು ಕೊನೆಯ ಪ್ರಸ್ತಾಪ ಇಡುತ್ತೆ: ಅರಮನೆಯಲ್ಲಿ ಇರು, ವರ್ಷಕ್ಕೆ 1,00,000 ರಿಗ್ಸ್‌ಡಾಲರ್ ಕೊಡ್ತೀನಿ (ಆಗಿನ ಡೆನ್ಮಾರ್ಕ್ ನಾಣ್ಯ), ಎಲ್ಲರೂ ನಿನ್ನನ್ನ ನೆರಳು ಅಂತಲೇ ಕರೀಬೇಕು, ನೀನು ಯಾವತ್ತೂ ಮನುಷ್ಯನಾಗಿದ್ದೆ ಅಂತ ಹೇಳ್ಬಾರ್ದು, ವರ್ಷಕ್ಕೊಂದು ಸಲ ನಾನು ಬಾಲ್ಕನಿಯಲ್ಲಿ ಬಿಸಿಲಿಗೆ ಕೂತಾಗ ನನ್ನ ಕಾಲ ಬುಡದಲ್ಲಿ ನೆರಳಿನ ಥರ ಮಲಗಿರ್ಬೇಕು. ವಿದ್ವಾಂಸ ಇಲ್ಲ ಅಂತಾನೆ, ಎಲ್ಲಾ ಹೇಳಿಬಿಡ್ತೀನಿ ಅಂತಾನೆ. ಕಾವಲುಗಾರರು ನೆರಳಿನ ಮಾತು ಕೇಳ್ತಾರೆ, ಯಾಕಂದ್ರೆ ರಾಜಕುಮಾರಿ ಮದುವೆ ಆಗೋದು ಯಾರನ್ನ ಅಂತ ಅವರಿಗೆ ಗೊತ್ತು. ನೆರಳು ರಾಜಕುಮಾರಿ ಹತ್ರ ಹೋಗಿ ಹೇಳುತ್ತೆ, ಪಾಪ ನನ್ನ ನೆರಳಿಗೆ ಹುಚ್ಚು ಹಿಡಿದಿದೆ, ತಾನೇ ಮನುಷ್ಯ, ನಾನು ಅದರ ನೆರಳು ಅಂದ್ಕೊಂಡಿದೆ. ಅವಳೇ ಹೇಳ್ತಾಳೆ, ಆ ಬಡಪಾಯಿಗೆ ಆ ಚೂರು ಜೀವದಿಂದ ಬಿಡುಗಡೆ ಕೊಟ್ರೆ ಪುಣ್ಯ, ಸದ್ದಿಲ್ದೆ ಮುಗಿಸಿಬಿಡ್ಬೇಕು ಅಂತ. ನೆರಳು ನಿಟ್ಟುಸಿರಿನಂಥ ಒಂದು ಸದ್ದು ಮಾಡುತ್ತೆ. ನೀವೆಂಥಾ ದೊಡ್ಡ ಮನಸ್ಸಿನವರು ಅಂತಾಳೆ.

ಆ ರಾತ್ರಿ ಊರೆಲ್ಲ ದೀಪ, ತೋಪು ಹಾರಿಸ್ತಾರೆ, ಮದುವೆ ಆಗುತ್ತೆ, ಗಂಡ ಹೆಂಡ್ತಿ ಬಾಲ್ಕನಿಗೆ ಬಂದು ಜನರಿಗೆ ಮುಖ ತೋರಿಸ್ತಾರೆ. ವಿದ್ವಾಂಸನಿಗೆ ಇದ್ಯಾವುದೂ ಕೇಳಿಸ್ಲಿಲ್ಲ, ಯಾಕಂದ್ರೆ ಅಷ್ಟೊತ್ತಿಗೆ ಅವನ ಪ್ರಾಣ ತೆಗೆದಿದ್ರು. ಇದೇ ಕೊನೆಯ ಸಾಲು.

'ನೀನು' ಮತ್ತು 'ನೀವು'

ಈಗ ನಾನು ಹೇಳ್ಬೇಕು ಅಂದ್ಕೊಂಡಿದ್ದ ಜಾಗಕ್ಕೆ ಬರ್ತೀನಿ. ಡೇನಿಷ್‌ನಲ್ಲಿ ಎದುರಿಗಿರೋರನ್ನ ಕರೆಯೋಕೆ ಎರಡು ಪದ ಇದೆ. 'ಡು' ಅಂದ್ರೆ ನೀನು. 'ಡೀ' ಅಂದ್ರೆ ನೀವು. ಈ 'ಡೀ' ಪದದ ಮೂಲ ಅರ್ಥ 'ಅವರು' ಅಂತ, ಬಹುವಚನ, ಅದನ್ನೇ ದೊಡ್ಡಕ್ಷರದಲ್ಲಿ ಬರೆದ್ರೆ ಗೌರವ. ನಮಗೆ ಇದು ಹೊಸದೇನಲ್ಲ. ಏಕವಚನದಲ್ಲಿ ಮಾತಾಡಿಸ್ದ ಅನ್ನೋ ಒಂದೇ ಕಾರಣಕ್ಕೆ ನಮ್ಮ ಬಸ್‌ಸ್ಟ್ಯಾಂಡಲ್ಲಿ, ಆಫೀಸಲ್ಲಿ, ಬೀಗರ ಮನೇಲಿ ಎಷ್ಟು ಜಗಳ ಆಗಿದೆ ನಾವೇ ನೋಡಿದೀವಿ. ಅದೇ ಏಕವಚನ ಸ್ನೇಹಿತರ ಮಧ್ಯೆ ಬಂದ್ರೆ ಪ್ರೀತಿ. ಯಾರು ಯಾರಿಗೆ ಅನ್ನೋದ್ರ ಮೇಲೆ ಎಲ್ಲಾ ನಿಂತಿದೆ.

ಆಗ ಡೆನ್ಮಾರ್ಕ್ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಇಬ್ಬರು 'ಡೀ'ಯಿಂದ 'ಡು'ಗೆ ಬರ್ಬೇಕು ಅಂದ್ರೆ ಅದಕ್ಕೊಂದು ಶಾಸ್ತ್ರವೇ ಇತ್ತು, ಒಬ್ಬರು ಕೇಳ್ಬೇಕು, ಇನ್ನೊಬ್ಬರು ಒಪ್ಬೇಕು, ಜೊತೆಗೆ ಒಂದು ಗ್ಲಾಸ್ ಕುಡೀಬೇಕು, ಆಮೇಲೆ ಜೀವನ ಪೂರ್ತಿ ನೀನು ನೀನು.

ಇದನ್ನ ತಲೇಲಿಟ್ಕೊಂಡು ಕಥೆಯನ್ನ ಇನ್ನೊಂದ್ಸಲ ನೋಡಿ. ಶುರುವಿನಲ್ಲಿ ವಿದ್ವಾಂಸ ತನ್ನ ನೆರಳಿಗೆ ನೀನು ಅಂತಾನೆ, ಸಹಜ, ಅವನದೇ ನೆರಳಲ್ವಾ. ನೆರಳು ಶ್ರೀಮಂತ ಆಗಿ ವಾಪಸ್ ಬಂದ ದಿನ, ಮಾತಿನ ಮಧ್ಯೆ ಹೇಳುತ್ತೆ, ನನಗೆ ಜಂಬ ಅಂತ ತಿಳ್ಕೋಬೇಡಿ, ಆದ್ರೆ ಈಗ ನಾನು ಸ್ವತಂತ್ರ, ನನ್ನ ಓದು, ನನ್ನ ಸ್ಥಾನಮಾನ ಎಲ್ಲಾ ನೋಡಿ ನೀವು ನನ್ನನ್ನ ನೀವು ಅಂದ್ರೆ ಚೆನ್ನಾಗಿರುತ್ತೆ. ವಿದ್ವಾಂಸ ಕ್ಷಮೆ ಕೇಳ್ತಾನೆ, ಹಳೇ ಅಭ್ಯಾಸ, ನೀವು ಹೇಳೋದು ಸರಿ ಅಂತಾನೆ. ಈಗ ಇಬ್ಬರೂ ಸಮ. ಇಲ್ಲಿವರೆಗೂ ಓದೋರಿಗೂ ತಪ್ಪು ಅನ್ಸಲ್ಲ, ಮೇಲೆ ಬಂದವರಿಗೆ ಗೌರವ ಕೊಡೋದ್ರಲ್ಲಿ ಏನು ತಪ್ಪು.

ಆಮೇಲೆ ಪ್ರವಾಸ. ಅಲ್ಲಿ ವಿದ್ವಾಂಸ ಪ್ರೀತಿಯಿಂದ ಕೇಳ್ತಾನೆ, ನಾವಿಬ್ರೂ ಚಿಕ್ಕಂದಿನಿಂದ ಜೊತೇಲೇ ಬೆಳೆದವರು, ಈಗ ಜೊತೇಲೇ ಪ್ರಯಾಣ ಮಾಡ್ತಿದೀವಿ, ಒಬ್ಬರನ್ನೊಬ್ಬರು ನೀನು ಅನ್ನೋಣ್ವಾ, ಅದ್ರಲ್ಲಿ ಆಪ್ತತೆ ಇರುತ್ತೆ. ನೆರಳು ಕೊಡೋ ಉತ್ತರ ಇಡೀ ಕಥೆಯಲ್ಲೇ ಅತ್ಯಂತ ಕ್ರೂರವಾದ ಮಾತು, ಕೊಲೆಗಿಂತಲೂ. ಕೆಲವರಿಗೆ ಬೂದು ಕಾಗದ ಮುಟ್ಟಿದ್ರೆ ಆಗಲ್ಲ, ಸಂಕಟ ಆಗುತ್ತೆ, ಇನ್ನು ಕೆಲವರಿಗೆ ಗಾಜಿನ ಮೇಲೆ ಮೊಳೆ ಉಜ್ಜಿದ್ರೆ ಮೈಯೆಲ್ಲ ಒಂಥರಾ ಆಗುತ್ತೆ, ನನಗೆ ನಿಮ್ಮ ಬಾಯಲ್ಲಿ 'ನೀನು' ಕೇಳಿದ್ರೆ ಹಾಗೇ ಆಗುತ್ತೆ, ಮತ್ತೆ ನೆಲಕ್ಕೆ ಒತ್ತಿದ ಹಾಗೆ, ಹಳೇ ಕೆಲಸಕ್ಕೆ ಹಾಕಿದ ಹಾಗೆ. ಅದಕ್ಕೇ ನೀವು ನನ್ನನ್ನ ನೀನು ಅನ್ನೋಕೆ ಬಿಡಲ್ಲ, ಬೇಕಾದ್ರೆ ನಾನು ನಿಮ್ಮನ್ನ ನೀನು ಅಂತೀನಿ, ಅರ್ಧ ಆಸೆನಾದ್ರೂ ನೆರವೇರ್ಲಿ!

ಆ ಕ್ಷಣದಿಂದ ನೆರಳು ಯಜಮಾನನನ್ನ ಏಕವಚನದಲ್ಲಿ ಕರೆಯೋಕೆ ಶುರು ಮಾಡುತ್ತೆ. ಇದು ಸರಿ ಇಲ್ವಲ್ಲ, ನಾನು ನೀವು ಅನ್ಬೇಕು, ಅವನು ನೀನು ಅಂತಾನೆ ಅಂತ ವಿದ್ವಾಂಸ ಮನಸ್ಸಲ್ಲೇ ಅಂದ್ಕೊಳ್ತಾನೆ, ಆದ್ರೆ ಸಹಿಸ್ಕೊಳ್ತಾನೆ. ಅವನು ಸತ್ತಿದ್ದು ಅಲ್ಲೇ, ಕೊನೆಯ ಸಾಲಿನಲ್ಲಿ ಆಗಿದ್ದು ಬರೀ ಲೆಕ್ಕ ಚುಕ್ತಾ.

ಬೂದು ಕಾಗದ ಎಲ್ಲಿಂದ ಬಂತು

ಇದು ಆಂಡರ್ಸನ್ ಕಲ್ಪನೆ ಮಾಡಿದ್ದಲ್ಲ, ಅವರ ಜೀವನದಲ್ಲೇ ಆಗಿದ್ದು. ಅವರು ಹುಟ್ಟಿದ್ದು 1805ರ ಏಪ್ರಿಲ್ 2ಕ್ಕೆ ಒಡೆನ್ಸ ಅನ್ನೋ ಊರಲ್ಲಿ, ಅಪ್ಪ ಚಮ್ಮಾರರು, ಅಮ್ಮ ಬಟ್ಟೆ ಒಗೀತಿದ್ದವರು. ಅಪ್ಪ ಬೇಗ ತೀರ್ಕೊಂಡ್ರು. 14ನೇ ವಯಸ್ಸಲ್ಲಿ, 1819ರಲ್ಲಿ, ನಾಟಕದಲ್ಲಿ ಹೆಸರು ಮಾಡ್ತೀನಿ ಅಂತ ಒಬ್ಬರೇ ಕೋಪನ್‌ಹೇಗನ್‌ಗೆ ಹೋದ್ರು. ಅಲ್ಲಿ ಯೋನಾಸ್ ಕೊಲಿನ್ ಅನ್ನೋ ದೊಡ್ಡ ಅಧಿಕಾರಿ ಅವರನ್ನ ಕೈ ಹಿಡಿದು, ಸ್ಕೂಲಿಗೆ ಸೇರೋ ಹಾಗೆ ಮಾಡಿದ್ರು. ಕೊಲಿನ್ ಮನೆ ಆಂಡರ್ಸನ್‌ಗೆ ತನ್ನ ಮನೆಯೇ ಆಯ್ತು, ಆದ್ರೆ ಪೂರ್ತಿ ತನ್ನದಾಗ್ಲಿಲ್ಲ, ಆಶ್ರಯ ಪಡೆದವರಿಗೆ ಆ ಗೆರೆ ಎಲ್ಲಿದೆ ಅಂತ ಯಾವಾಗ್ಲೂ ಗೊತ್ತಿರುತ್ತೆ.

ಯೋನಾಸ್ ಅವರ ಮಗ ಎಡ್ವರ್ಡ್ ಕೊಲಿನ್, ಆಂಡರ್ಸನ್‌ಗಿಂತ ಮೂರು ವರ್ಷ ಚಿಕ್ಕವರು. ಆಂಡರ್ಸನ್‌ಗೆ ಅವರ ಮೇಲೆ ತುಂಬಾ ಪ್ರೀತಿ. 1831ರಲ್ಲಿ ಮೊದಲನೇ ಸಲ ಹೊರದೇಶಕ್ಕೆ, ಜರ್ಮನಿಗೆ ಹೋದಾಗ ಅಲ್ಲಿಂದ ಎಡ್ವರ್ಡ್‌ಗೆ ಪತ್ರ ಬರೆದ್ರು, ನನ್ನನ್ನ 'ಡು' ಅಂತ ಕರೀರಿ ಅಂತ. ಎದುರಿಗೆ ಕೇಳೋ ಧೈರ್ಯ ಇರ್ಲಿಲ್ಲ, ದೂರದಿಂದ ಕೇಳಿದ್ರು. ಎಡ್ವರ್ಡ್ ಒಪ್ಲಿಲ್ಲ. ಉದ್ದಕ್ಕೆ ಕಾರಣ ಕೊಟ್ಟು ಬರೆದ್ರು, ಕೆಲವು ವಿಷಯಗಳಲ್ಲಿ ಮನುಷ್ಯನಿಗೆ ಕಾರಣವೇ ಇಲ್ಲದ ಹೇವರಿಕೆ ಇರುತ್ತೆ, ನನಗೆ ಗೊತ್ತಿರೋ ಒಬ್ಬ ಹೆಂಗಸಿಗೆ ಬೂದು ಕಾಗದ ಕಂಡ್ರೆ ವಾಂತಿ ಬರ್ತಿತ್ತು ಅಂತ ಉದಾಹರಣೆನೂ ಕೊಟ್ರು. ಅದೇ ಬೂದು ಕಾಗದ 16 ವರ್ಷ ಆದ್ಮೇಲೆ ನೆರಳಿನ ಬಾಯಲ್ಲಿ ಬಂತು.

ಆಮೇಲೆ ಆಂಡರ್ಸನ್ ಯುರೋಪ್ ಪೂರ್ತಿ ಹೆಸರು ಮಾಡಿದ್ರು, ರಾಜರ ಜೊತೆ ಊಟ ಮಾಡಿದ್ರು, ಎಡ್ವರ್ಡ್ ಅವರ ಹಣಕಾಸು, ಪ್ರಕಾಶಕರ ವ್ಯವಹಾರ ಎಲ್ಲಾ ನೋಡ್ಕೊಂಡ್ರು, ಸ್ನೇಹ ಸಾಯೋವರೆಗೂ ಇತ್ತು. ಆದ್ರೆ ಇಬ್ಬರೂ ಒಬ್ಬರನ್ನೊಬ್ಬರು ಕೊನೆವರೆಗೂ 'ಡೀ' ಅಂತಲೇ ಕರೆದ್ರು.

ಹಾಗಾದ್ರೆ ಕಥೇಲಿ ಆಂಡರ್ಸನ್ ಯಾರು, ವಿದ್ವಾಂಸನಾ ನೆರಳಾ? 'ನೀನು' ಅನ್ನೋಣ್ವಾ ಅಂತ ಕೇಳಿ ಅವಮಾನ ಪಟ್ಟಿದ್ದು ವಿದ್ವಾಂಸ, ಅದು ಆಂಡರ್ಸನ್. ಆದ್ರೆ ಕೆಳಗಿಂದ ಮೇಲೆ ಬಂದು, ದೊಡ್ಡವರ ಬಟ್ಟೆ ಹಾಕ್ಕೊಂಡು, ಹಳೇ ಸ್ಥಾನಕ್ಕೆ ಯಾರಾದ್ರೂ ತಳ್ಳಿಬಿಡ್ತಾರೇನೋ ಅಂತ ಹೆದರೋದು ನೆರಳು, ಅದೂ ಆಂಡರ್ಸನ್ನೇ. ಒಂದೇ ಉತ್ತರ ಸಾಲಲ್ಲ ಅಂತ ನನ್ನ ಅಭಿಪ್ರಾಯ.

ನೇಪಲ್ಸ್ ಬಿಸಿಲು, ಇನ್ನೊಬ್ಬರ ನೆರಳು

ಕಥೆ ಹೊಳೆದಿದ್ದು ಇಟಲಿಯ ನೇಪಲ್ಸ್‌ನಲ್ಲಿ, 1846ರ ಜೂನ್‌ನಲ್ಲಿ. ಆ ವರ್ಷ ಅಲ್ಲಿ ವಿಪರೀತ ಬಿಸಿಲು, ಆಂಡರ್ಸನ್‌ಗೆ ಹಗಲು ಹೊತ್ತು ಹೊರಗೆ ಕಾಲಿಡೋಕೂ ಆಗ್ತಿರ್ಲಿಲ್ಲ. ಕಥೆಯ ಮೊದಲ ಪುಟದಲ್ಲಿ ಬಾಗಿಲು ಕಿಟಕಿ ಮುಚ್ಕೊಂಡು ಒಳಗೆ ಕೂತ ವಿದ್ವಾಂಸ, ಸಂಜೆ ಆದ್ಮೇಲೆ ಬಾಲ್ಕನಿಗೆ ಬರೋ ಜನ, ಬೀದಿ ತುಂಬಾ ಗಲಾಟೆ, ಕುರ್ಚಿ ಮೇಜು, ಇದೆಲ್ಲಾ ಕಣ್ಣಾರೆ ನೋಡಿದ್ದು. ಅದೇ ಸಮಯದಲ್ಲಿ ಅವರು ಜರ್ಮನ್ ಓದುಗರಿಗಾಗಿ ತಮ್ಮ ಆತ್ಮಕಥೆನೂ ಬರೀತಿದ್ರು. ಅಂದ್ರೆ ಹಗಲೆಲ್ಲಾ ತಾನು ಹೇಗೆ ಮೇಲೆ ಬಂದೆ ಅನ್ನೋ ಬೆಳಕಿನ ಕಥೆ ಬರೆಯೋ ಮನುಷ್ಯನಿಗೆ ಹೊಳೆದಿದ್ದು ಈ ಕತ್ತಲೆ ಕಥೆ.

ನೆರಳಿಲ್ಲದ ಮನುಷ್ಯನ ಕಥೆ ಆಂಡರ್ಸನ್‌ಗಿಂತ ಮೊದಲೇ ಇತ್ತು. ಜರ್ಮನ್ ಕವಿ ಆಡೆಲ್ಬರ್ಟ್ ಫಾನ್ ಶಾಮಿಸೊ 1814ರಲ್ಲಿ 'ಪೀಟರ್ ಶ್ಲೆಮಿಲ್' ಅನ್ನೋ ಕಥೆ ಅಚ್ಚು ಹಾಕಿಸಿದ್ರು, ಅದ್ರಲ್ಲಿ ಒಬ್ಬ, ಎಷ್ಟು ತೆಗೆದ್ರೂ ಖಾಲಿ ಆಗದ ಚಿನ್ನದ ಚೀಲಕ್ಕೆ ಆಸೆಪಟ್ಟು ತನ್ನ ನೆರಳನ್ನ ಮಾರ್ಕೊಳ್ತಾನೆ. ಆಂಡರ್ಸನ್ ಇದನ್ನ ಮುಚ್ಚಿಡಲಿಲ್ಲ. ನೆರಳು ಹೋಯ್ತು ಅಂತ ಗೊತ್ತಾದಾಗ ವಿದ್ವಾಂಸನಿಗೆ ಬೇಜಾರಾಗೋದು ನೆರಳು ಹೋಗಿದ್ದಕ್ಕಿಂತ ಹೆಚ್ಚಾಗಿ, ನಮ್ಮೂರಲ್ಲಿ ಎಲ್ಲರಿಗೂ ಆ ಕಥೆ ಗೊತ್ತು, ಈಗ ನಾನು ನನ್ನದನ್ನ ಹೇಳಿದ್ರೆ ಕಾಪಿ ಹೊಡೆದೆ ಅಂತಾರೆ ಅನ್ನೋದಕ್ಕೆ. ಅದಕ್ಕೆ ಯಾರಿಗೂ ಹೇಳಲ್ಲ. ಆಂಡರ್ಸನ್ ಶಾಮಿಸೊ ಅವರನ್ನ ಬರ್ಲಿನ್‌ನಲ್ಲಿ ಭೇಟಿ ಮಾಡಿದ್ದು ಯಾವಾಗ ಗೊತ್ತಾ, ಅದೇ 1831ರ ಪ್ರವಾಸದಲ್ಲಿ. ಎಡ್ವರ್ಡ್ ಪತ್ರ, ಶಾಮಿಸೊ ಭೇಟಿ, ಎರಡೂ ಬೀಜ ಒಂದೇ ಪ್ರವಾಸದಲ್ಲಿ ಬಿದ್ದು 1846ರವರೆಗೂ ಮಣ್ಣಲ್ಲೇ ಇದ್ದವು.

ಅಚ್ಚಾಗಿದ್ದು ಹೇಗೆ

ಆಗ ಆಂಡರ್ಸನ್ ಕಥೆಗಳು ದಪ್ಪ ಪುಸ್ತಕವಾಗಿ ಬರ್ತಿರ್ಲಿಲ್ಲ. ತೆಳು ಕಿರುಹೊತ್ತಿಗೆ, ರಟ್ಟು ಇಲ್ಲ, ಬೆಲೆ ಕಮ್ಮಿ, ಒಂದೊಂದರಲ್ಲಿ ಕೆಲವೇ ಕಥೆ. ಆಮೇಲೆ ಅವನ್ನ ಸೇರಿಸಿ ಒಂದು ಸಂಪುಟ ಅಂತ ಮಾಡೋರು. ಪ್ರಕಾಶಕರು ಕೋಪನ್‌ಹೇಗನ್‌ನ ಸಿ. ಎ. ರೈಟ್ಸೆಲ್. ಮೊದಲನೇ ಹೊತ್ತಿಗೆ 1835ರ ಮೇ 8ಕ್ಕೆ ಬಂತು, ಹೆಸರು 'ಮಕ್ಕಳಿಗೆ ಹೇಳಿದ ಕಥೆಗಳು'. 1843ರಲ್ಲಿ ಹೊಸ ಸರಣಿ ಶುರು ಮಾಡಿದಾಗ ಆಂಡರ್ಸನ್ 'ಮಕ್ಕಳಿಗೆ ಹೇಳಿದ' ಅನ್ನೋದನ್ನ ಕಿತ್ತು ಹಾಕಿ ಬರೀ 'ಹೊಸ ಕಥೆಗಳು' ಅಂತ ಇಟ್ರು. ಇದು ಸಣ್ಣ ಬದಲಾವಣೆ ಅಲ್ಲ, ಮಕ್ಕಳು ಕೇಳ್ತಿರುವಾಗ ಪಕ್ಕದಲ್ಲಿ ಕೂತ ದೊಡ್ಡವರಿಗೂ ಏನಾದ್ರೂ ಇರ್ಬೇಕು ಅನ್ನೋದು ಅವರ ಲೆಕ್ಕ. ಆ ಹೆಸರು ಬದಲಾಗದೆ ಇದ್ದಿದ್ರೆ 'ನೆರಳು' ಥರದ ಕಥೆಗೆ ಜಾಗ ಸಿಗ್ತಿತ್ತಾ ಅನ್ನೋದು ಅನುಮಾನ.

'ನೆರಳು' ಬಂದಿದ್ದು 1847ರ ಏಪ್ರಿಲ್ 6ಕ್ಕೆ, 'ಹೊಸ ಕಥೆಗಳು' ಎರಡನೇ ಸಂಪುಟದ ಮೊದಲ ಹೊತ್ತಿಗೆಯಲ್ಲಿ. ಜೊತೇಲಿದ್ದ ಬೇರೆ ಕಥೆಗಳು ಹಳೇ ಬೀದಿದೀಪದ್ದು, ಅಕ್ಕಪಕ್ಕದ ಮನೆಯವರದ್ದು, ಜಂಬದ ಹೊಲಿಗೆ ಸೂಜಿದು, ಟುಕ್ ಅನ್ನೋ ಚಿಕ್ಕ ಹುಡುಗಂದು. ಬೀದಿದೀಪ, ಸೂಜಿ, ಪುಟ್ಟ ಹುಡುಗ, ಅವುಗಳ ಜೊತೆಗೆ ಈ ಕೊಲೆ!

ಆ ವರ್ಷ ಬೇಸಿಗೇಲಿ ಆಂಡರ್ಸನ್ ಮೊದಲ ಸಲ ಇಂಗ್ಲೆಂಡಿಗೆ ಹೋದ್ರು, ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಪರಿಚಯ ಆಯ್ತು. ಡಿಸೆಂಬರ್‌ನಲ್ಲಿ ಲಂಡನ್‌ನ ರಿಚರ್ಡ್ ಬೆಂಟ್ಲಿ ಪ್ರಕಾಶನದಿಂದ 'ನನ್ನ ಇಂಗ್ಲಿಷ್ ಗೆಳೆಯರಿಗೆ ಕ್ರಿಸ್ಮಸ್ ಶುಭಾಶಯ' ಅನ್ನೋ ಪುಟ್ಟ ಪುಸ್ತಕ ಬಂತು, ಅರ್ಪಣೆ ಡಿಕನ್ಸ್ ಅವರಿಗೆ. 'ನೆರಳು' ಅದ್ರಲ್ಲಿತ್ತು. ಹಬ್ಬದ ಉಡುಗೊರೆ ಪುಸ್ತಕದಲ್ಲಿ ಈ ಕಥೆ ಓದಿದ ಇಂಗ್ಲಿಷ್ ಮನೆಗಳನ್ನ ನಾನು ಆಗಾಗ ಊಹೆ ಮಾಡ್ಕೊಳ್ತೀನಿ.

ಆಮೇಲೆ ಚಿತ್ರ ಸೇರಿತು. ಜರ್ಮನಿಯ ಲೈಪ್‌ಜಿಗ್‌ನ ಪ್ರಕಾಶಕ ಕಾರ್ಲ್ ಲೋರ್ಕ್ ಅವರು ವಿಲ್ಹೆಲ್ಮ್ ಪೆಡರ್ಸನ್ ಅನ್ನೋ ಡೇನಿಷ್ ನೌಕಾಪಡೆ ಅಧಿಕಾರಿಯ ಕೈಲಿ 125 ಚಿತ್ರ ಬರೆಸಿದ್ರು. ಅದೇ ಚಿತ್ರಗಳ ಜೊತೆ ಡೇನಿಷ್ ಸಂಗ್ರಹ 1849ರ ಡಿಸೆಂಬರ್‌ನಲ್ಲಿ ಬಂತು, ಮುಖಪುಟದ ಮೇಲೆ ಮಾತ್ರ 1850 ಅಂತಿದೆ, ಅದಕ್ಕೇ ಬೇರೆ ಬೇರೆ ಕಡೆ ಬೇರೆ ಬೇರೆ ವರ್ಷ ಕಾಣ್ಸುತ್ತೆ, ಗೊಂದಲ ಮಾಡ್ಕೋಬೇಡಿ. 1862ರಲ್ಲಿ ಇನ್ನೊಂದು ದೊಡ್ಡ ಸಂಗ್ರಹದಲ್ಲೂ 'ನೆರಳು' ಸೇರಿತು. ಹೀಗೆ ಬಿಡಿ ಹೊತ್ತಿಗೆಯಿಂದ ಚಿತ್ರ ಇರೋ ಪುಸ್ತಕಕ್ಕೆ, ಅಲ್ಲಿಂದ ಮಕ್ಕಳ ಕಪಾಟಿಗೆ ಹೋಗಿ ಕೂತಿತು. ಲೇಖಕರು ತೆಗೆದುಹಾಕಿದ್ದ 'ಮಕ್ಕಳಿಗೆ' ಅನ್ನೋ ಹಣೆಪಟ್ಟಿನ ಲೋಕ ಮತ್ತೆ ಅಂಟಿಸಿತು.

ಭಾಷೆ ದಾಟಿದಾಗ

ಇಂಗ್ಲಿಷ್‌ನಲ್ಲಿ ನೀನು, ನೀವು ಎರಡಕ್ಕೂ ಇವತ್ತು 'ಯು' ಒಂದೇ. ಹಾಗಾಗಿ ಆ ಭಾಷೆಗೆ ತರೋರಿಗೆ ಬೂದು ಕಾಗದದ ಭಾಗ ಬಂದಾಗ ಕಷ್ಟ, ಸುತ್ತು ಬಳಸಿ ಏನಾದ್ರೂ ಹೇಳ್ಬೇಕು, ಆ ಮಾತು ಆದ್ಮೇಲೆ ಪ್ರತಿ ಸಾಲಲ್ಲೂ ನೆರಳು 'ನೀನು' ಅಂತ ಚುಚ್ತಾ ಹೋಗೋದಂತೂ ಕಾಣ್ಸೋದೇ ಇಲ್ಲ. ಡೆನ್ಮಾರ್ಕ್‌ನಲ್ಲೂ ಈಗ ಕಾಲ ಬದಲಾಗಿದೆ, 1970ರ ದಶಕದ ಹೊತ್ತಿಗೆ ಜನ ಹೆಚ್ಚುಕಮ್ಮಿ ಎಲ್ಲರಿಗೂ 'ಡು' ಅನ್ನೋಕೆ ಶುರು ಮಾಡಿದ್ರು, ಟೀಚರ್‌ಗೂ, ಡಾಕ್ಟರ್‌ಗೂ. ಮುಖ್ಯವಾಗಿ ರಾಜಮನೆತನದವರ ಹತ್ರ ಮಾತಾಡುವಾಗ 'ಡೀ' ಉಳ್ಕೊಂಡಿದೆ.

ಕನ್ನಡಕ್ಕೆ ತರೋರಿಗೆ ಆ ಕಷ್ಟ ಇಲ್ಲ, ಬೇರೆ ಒಂದು ಅವಕಾಶನೂ ಇದೆ. ನಮ್ಮಲ್ಲಿ ಅದು, ಅವನು, ಅವರು ಅಂತ ಮೂರು ಮೆಟ್ಟಿಲು. ಗೋಡೆ ಮೇಲಿದ್ದಾಗ ನೆರಳು 'ಅದು'. ಚಿನ್ನದ ಸರ ಹಾಕ್ಕೊಂಡು ಬಂದಾಗ 'ಅವನು' ಅನ್ನೋದಾ? ರಾಜಕುಮಾರಿ ಪಕ್ಕ ಬಾಲ್ಕನಿಯಲ್ಲಿ ನಿಂತಾಗ 'ಅವರು' ಅನ್ಬೇಕಾ? ವಿದ್ವಾಂಸ ಯಾವ ಸಾಲಲ್ಲಿ 'ಅದು' ಆಗ್ತಾನೆ? ನಾನು ಮೇಲೆ ಕಥೆ ಹೇಳುವಾಗ ನೆರಳನ್ನ ಕೊನೆವರೆಗೂ 'ಅದು' ಅಂತಲೇ ಬರ್ದಿದೀನಿ, ಬೇಕು ಅಂತಲೇ. ಆಂಡರ್ಸನ್ ಕಥೆಗಳ ಮೇಲೆ ಈಗ ಯಾರ ಕಾಪಿರೈಟೂ ಇಲ್ಲ, ಯಾರು ಬೇಕಾದ್ರೂ ಅನುವಾದ ಮಾಡ್ಬಹುದು, ಮಾಡೋರು ದಯವಿಟ್ಟು ಇದನ್ನ ಯೋಚ್ನೆ ಮಾಡಿ.

ಕೊನೆ ಬದಲಾಯಿಸಿದವರು, ಮಕ್ಕಳಿಗೆ ಓದೋದು

ಈ ಕೊನೆನ ಎಲ್ಲರೂ ತಡ್ಕೊಳ್ಳೋಕೆ ಆಗ್ಲಿಲ್ಲ. ಸೋವಿಯತ್ ನಾಟಕಕಾರ ಎವ್ಗೆನಿ ಶ್ವಾರ್ಟ್ಸ್ ಇದನ್ನೇ ಆಧಾರ ಮಾಡ್ಕೊಂಡು ನಾಟಕ ಬರೆದ್ರು, 1940ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ರಂಗಕ್ಕೆ ಬಂತು. ಅದ್ರಲ್ಲಿ ವಿದ್ವಾಂಸನ ತಲೆ ಕಡಿದ ಕ್ಷಣದಲ್ಲೇ ಸಿಂಹಾಸನದ ಮೇಲೆ ಕೂತ ನೆರಳಿನ ತಲೆನೂ ಉರುಳುತ್ತೆ, ಮನುಷ್ಯ ಇಲ್ದೆ ನೆರಳು ಹೇಗಿರುತ್ತೆ ಅನ್ನೋ ತರ್ಕ, ಆಮೇಲೆ ಸಂಜೀವಿನಿ ನೀರು ಹಾಕಿ ಬದುಕಿಸ್ತಾರೆ. ಒಳ್ಳೆ ನಾಟಕ. ಆದ್ರೆ ಆಂಡರ್ಸನ್ ಆ ಸಮಾಧಾನ ಕೊಡ್ಲಿಲ್ಲ, ಅವರ ಕಥೆಯಲ್ಲಿ ಮನುಷ್ಯ ಹೋದ್ಮೇಲೂ ನೆರಳು ನೆಟ್ಟಗೆ ನಿಂತಿರುತ್ತೆ.

ಚಿಕ್ಕ ಮಕ್ಕಳಿಗೆ ಓದಬಹುದಾ ಅಂದ್ರೆ, ಹತ್ತು ಹನ್ನೆರಡು ವರ್ಷಕ್ಕಿಂತ ಮೊದಲು ನಾನು ಓದಿ ಹೇಳಲ್ಲ. ರಕ್ತ ಇಲ್ಲ, ಭೂತ ಇಲ್ಲ, ಆದ್ರೆ ಸುಳ್ಳು ಹೇಳಿದವನನ್ನ ಎಲ್ಲರೂ ನಂಬ್ತಾರೆ, ನಿಜ ಹೇಳಿದವನನ್ನ ಹುಚ್ಚ ಅಂತಾರೆ ಅನ್ನೋ ಭಯ ಚಿಕ್ಕವರಿಗೆ ಭೂತಕ್ಕಿಂತ ಜಾಸ್ತಿ. ದೊಡ್ಡ ಮಕ್ಕಳ ಜೊತೆ ಕೂತು ಓದಿ, ಬೂದು ಕಾಗದದ ಹತ್ರ ಬಂದಾಗ ನಿಲ್ಲಿಸಿ ಕೇಳಿ, ಇಲ್ಲಿ ನೀನಾಗಿದ್ರೆ ಏನು ಹೇಳ್ತಿದ್ದೆ ಅಂತ.

ಕೋಪನ್‌ಹೇಗನ್‌ನ ಒಂದು ಗೋರಿ

ಆಂಡರ್ಸನ್ ತೀರ್ಕೊಂಡಿದ್ದು 1875ರ ಆಗಸ್ಟ್ 4ಕ್ಕೆ. ಮದುವೆ ಆಗಿರ್ಲಿಲ್ಲ. ಅಸಿಸ್ಟೆನ್ಸ್ ಸ್ಮಶಾನದಲ್ಲಿ ಕೊಲಿನ್ ಕುಟುಂಬದ ಜಾಗದಲ್ಲೇ ಅವರನ್ನ ಮಣ್ಣು ಮಾಡಿದ್ರು. ಆಮೇಲೆ ಎಡ್ವರ್ಡ್ ಕೊಲಿನ್ ತೀರ್ಕೊಂಡಾಗ ಅವರನ್ನೂ, ಅವರ ಹೆಂಡತಿ ಹೆನ್ರಿಯೆಟ್ ಅವರನ್ನೂ ಅಲ್ಲೇ ಪಕ್ಕದಲ್ಲಿ. 1914ರಲ್ಲಿ ಕೊಲಿನ್ ಕುಟುಂಬದ ಕಲ್ಲನ್ನ, ಆ ಕುಟುಂಬದ ಬೇರೆಯವರನ್ನ ಮಣ್ಣು ಮಾಡಿದ್ದ ಇನ್ನೊಂದು ಸ್ಮಶಾನಕ್ಕೆ ಸಾಗಿಸಿದ್ರು, ಸ್ವಲ್ಪ ಕಾಲ ಆ ಜಾಗದಲ್ಲಿ ಗುರುತೇ ಇರ್ಲಿಲ್ಲ. ಆಮೇಲೆ ಹೊಸ ಕಲ್ಲು ನಿಲ್ಲಿಸಿದ್ರು. ಇವತ್ತಿಗೂ ಮೂವರೂ ಇರೋದು ಅದೇ ಮಣ್ಣಲ್ಲಿ, ಕಲ್ಲಿನ ಮೇಲೆ ಮಾತ್ರ ಆಂಡರ್ಸನ್ ಒಬ್ಬರದೇ ಹೆಸರು.